ಲೈಪ್‌ಜಿಗ್ ಊರನ್ನು ಒಳಗಿನಿಂದ ನೋಡುವುದು ಹೇಗೆ: ಮೊದಲು ವಾರ, ಆಮೇಲೆ ಜಾಗ

ಜರ್ಮನಿಯ ಲೈಪ್‌ಜಿಗ್‌ಗೆ ಬರುವ ನಮ್ಮವರು ಸಾಮಾನ್ಯವಾಗಿ ಬರ್ಲಿನ್‌ನಿಂದ ಒಂದು ದಿನದ ಮಟ್ಟಿಗೆ ಬರುತ್ತಾರೆ. ರೈಲಿನಲ್ಲಿ ಸುಮಾರು ಒಂದೂಕಾಲು ಗಂಟೆ. ಚೌಕದಲ್ಲಿ ಫೋಟೋ, ಸಂಗೀತಗಾರ ಬಾಖ್ ಪ್ರತಿಮೆಯ ಹತ್ತಿರ ಇನ್ನೊಂದು ಫೋಟೋ, ಒಂದು ಕಾಫಿ, ಸಂಜೆ ವಾಪಸ್. ಹೋಗಿ ಬಂದ ಮೇಲೆ 'ಚೆನ್ನಾಗಿದೆ, ಆದರೆ ನೋಡೋಕೆ ಜಾಸ್ತಿ ಏನಿಲ್ಲ' ಅಂತಾರೆ. ಇದನ್ನು ಕೇಳಿದಾಗಲೆಲ್ಲ ನನಗೆ ನಿಜವಾಗಿ ಸಂಕಟವಾಗುತ್ತದೆ, ಯಾಕೆಂದರೆ ಅವರು ಬಂದ ದಿನ ಮಂಗಳವಾರವೋ ಬುಧವಾರವೋ ಆಗಿರುತ್ತದೆ, ಶುಕ್ರವಾರ ಸಂಜೆ ಆರಕ್ಕೆ ಆ ಊರಿನಲ್ಲಿ ಏನಾಗುತ್ತದೆ ಅನ್ನುವುದು ಅವರಿಗೆ ಗೊತ್ತೇ ಇರುವುದಿಲ್ಲ.

ಈ ಊರಿನಲ್ಲಿ ಕಲೆ, ಸಂಗೀತ, ಸಂಪ್ರದಾಯ ಎಲ್ಲ ಕಟ್ಟಡಗಳಲ್ಲಿ ಇರುವುದಕ್ಕಿಂತ ಹೆಚ್ಚಾಗಿ ವಾರದ ರೂಢಿಯಲ್ಲಿದೆ. ಇಂಥ ದಿನ, ಇಂಥ ಹೊತ್ತಿಗೆ, ಇಂಥ ಕಡೆ ಜನ ಸೇರುತ್ತಾರೆ. ನಮ್ಮೂರಲ್ಲಿ ಸಂತೆ ನೋಡಬೇಕಾದರೆ ಸಂತೆಯ ದಿನವೇ ಹೋಗಬೇಕು, ಅಲ್ವಾ? ಅದೇ ಲೆಕ್ಕ. ಹಾಗಾಗಿ ಮೊದಲು ದಿನ ಗೊತ್ತುಮಾಡಿಕೊಳ್ಳಿ, ಜಾಗ ಆಮೇಲೆ. ನಾನು ಹೇಳುವ ಕ್ರಮದಲ್ಲಿ ಹೋದರೆ ಶುಕ್ರವಾರ ಮಧ್ಯಾಹ್ನ ಬಂದು ಸೋಮವಾರ ರಾತ್ರಿ ಹೊರಡುವುದು ಸರಿಯಾಗುತ್ತದೆ.

ಹೊರಡುವ ಮೊದಲು

ನಾಲ್ಕು ಜರ್ಮನ್ ಪದ ಕಲಿತುಕೊಳ್ಳಿ, ಬೋರ್ಡುಗಳಲ್ಲಿ ಇವೇ ಕಾಣುವುದು. 'ಐನ್‌ಟ್ರಿಟ್ ಫ್ರೈ' ಅಂದರೆ ಪ್ರವೇಶ ಉಚಿತ. 'ರೂಹೆಟಾಗ್' ಅಂದರೆ ವಾರದ ರಜೆ. 'ಫ್ಯೂರುಂಗ್' ಅಂದರೆ ಯಾರಾದರೂ ಜೊತೆಗೆ ಬಂದು ವಿವರಿಸಿ ತೋರಿಸುವುದು. 'ಆಬೆಂಡ್‌ಕಾಸೆ' ಅಂದರೆ ಕಾರ್ಯಕ್ರಮದ ಸಂಜೆಯೇ ತೆರೆಯುವ ಟಿಕೆಟ್ ಕೌಂಟರ್. ಉಳಿದ ಟಿಕೆಟ್ ಅಲ್ಲಿ ಸಿಗುತ್ತದೆ. ವಿದ್ಯಾರ್ಥಿಗಳಾಗಿದ್ದರೆ ಕಾರ್ಡು ಜೇಬಿನಲ್ಲೇ ಇರಲಿ, ಕೇಳಿದರೆ ತುಂಬ ಕಡೆ ರಿಯಾಯಿತಿ ಕೊಡುತ್ತಾರೆ.

ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಸೋಮವಾರ ದೊಡ್ಡ ಮ್ಯೂಸಿಯಂಗಳೂ ಬಹುತೇಕ ಮುಚ್ಚಿರುತ್ತವೆ. ಮ್ಯೂಸಿಯಂ ನೋಡುವ ಆಸೆ ಇದ್ದರೆ ಭಾನುವಾರಕ್ಕೇ ಇಟ್ಟುಕೊಳ್ಳಿ. ಸ್ವಲ್ಪ ಚಿಲ್ಲರೆ ಕಾಸು ಕೂಡ ಬೇಕು, ಎಲ್ಲ ಕಡೆ ಕಾರ್ಡ್ ನಡೆಯುವುದಿಲ್ಲ.

ಹೆಜ್ಜೆ 1: ಬೀದಿ ಬಿಟ್ಟು ಓಣಿ ಹಿಡಿಯಿರಿ

ರೈಲ್ವೆ ಸ್ಟೇಷನ್‌ನಿಂದ ಹೊರಗೆ ಬಂದು ರಸ್ತೆ ದಾಟಿದರೆ ಹಳೇ ಪೇಟೆ. ಸುತ್ತ ಒಂದು ರಿಂಗ್ ರಸ್ತೆ, ಒಳಗೆ ಊರು. ಒಂದು ತುದಿಯಿಂದ ಇನ್ನೊಂದು ತುದಿಗೆ ಇಪ್ಪತ್ತು ನಿಮಿಷವೂ ಬೇಡ, ಟ್ರಾಮ್ ಹತ್ತುವ ಅಗತ್ಯವಿಲ್ಲ.

ಎರಡು ದೊಡ್ಡ ವ್ಯಾಪಾರದ ಹಾದಿಗಳು ಸೇರುವ ಜಾಗದಲ್ಲಿ ಬೆಳೆದ ಊರು ಇದು. 1497ರಲ್ಲಿ, ಮುಂದೆ ಚಕ್ರವರ್ತಿಯಾದ ದೊರೆ ಮ್ಯಾಕ್ಸಿಮಿಲಿಯನ್ ಇಲ್ಲಿನ ಜಾತ್ರೆಗೆ, ಅಂದರೆ 'ಮೆಸ್ಸೆ'ಗೆ, ವಿಶೇಷ ಹಕ್ಕು ಕೊಟ್ಟ. ಸರಕು ತುಂಬಿದ ಗಾಡಿಗಳು ಇಕ್ಕಟ್ಟಾದ ಪೇಟೆಯೊಳಗೆ ಬಂದರೆ ತಿರುಗಿಸುವುದು ಹೇಗೆ? ಅದಕ್ಕೇ ಮನೆಗಳನ್ನೇ ಹಾದುಹೋಗುವ ಹಾಗೆ ಕಟ್ಟಿದರು. ಒಂದು ಬೀದಿಯಿಂದ ಗಾಡಿ ಒಳಗೆ ಬರುತ್ತದೆ, ನಡುವಿನ ಅಂಗಳದಲ್ಲಿ ಸರಕು ಇಳಿಯುತ್ತದೆ, ಹಾಗೇ ಮುಂದೆ ಹೋಗಿ ಹಿಂದಿನ ಬೀದಿಗೆ ಬೀಳುತ್ತದೆ. ಮಾರ್ಕೆಟ್ ಚೌಕದ ಹತ್ತಿರ ಬಾರ್ಥೆಲ್ಸ್ ಹೋಫ್ ಅಂತ ಇದೆ, ಆ ಅಂಗಳದಲ್ಲಿ ನಿಂತು ತಲೆ ಎತ್ತಿ ನೋಡಿ. ಮೂಟೆಗಳನ್ನು ಹಗ್ಗ ಕಟ್ಟಿ ಅಟ್ಟಕ್ಕೆ ಎಳೆಯುತ್ತಿದ್ದ ತೊಲೆಗಳು ಇನ್ನೂ ಚಾಚಿಕೊಂಡಿವೆ.

ಅಲ್ಲಿಂದ ಸ್ಪೆಕ್ಸ್ ಹೋಫ್, ಆಮೇಲೆ ಮೇಡ್ಲರ್ ಪಸಾಜ್. ಮೇಡ್ಲರ್ ಪಸಾಜ್‌ನಲ್ಲಿ ಔವರ್‌ಬಾಖ್ಸ್ ಕೆಲ್ಲರ್ ಅನ್ನುವ ನೆಲಮಾಳಿಗೆಯ ಹೋಟೆಲಿದೆ. ಜರ್ಮನ್ ಕವಿ ಗಯಟೆ 1765ರಿಂದ 1768ರವರೆಗೆ ಈ ಊರಿನಲ್ಲಿ ಓದುತ್ತಿದ್ದ, ಮುಂದೆ 'ಫೌಸ್ಟ್' ನಾಟಕದ ಒಂದು ದೃಶ್ಯವನ್ನು ಇದೇ ನೆಲಮಾಳಿಗೆಯಲ್ಲಿ ಇಟ್ಟ. ಮೆಟ್ಟಿಲ ಬಾಯಿಯಲ್ಲಿ ನಾಟಕದ ನಾಯಕ ಫೌಸ್ಟ್ ಮತ್ತು ಸೈತಾನ ಮೆಫಿಸ್ಟೊ ಇವರ ಕಂಚಿನ ಪ್ರತಿಮೆಗಳಿವೆ. ಮೈಯೆಲ್ಲ ಕಪ್ಪು, ಫೌಸ್ಟ್‌ನ ಬೂಟಿನ ತುದಿ ಮಾತ್ರ ಚಿನ್ನದ ಹಾಗೆ ಫಳಫಳ. ಮುಟ್ಟಿದರೆ ಒಳ್ಳೆಯದಾಗುತ್ತದೆ ಅಂತ ಜನ ಮುಟ್ಟಿ ಮುಟ್ಟಿ ಹಾಗಾಗಿದೆ. ದೇವಸ್ಥಾನದ ಹೊಸ್ತಿಲು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ನೀವೂ ಮುಟ್ಟಿ. ಊಟ ಅಲ್ಲೇ ಆಗಬೇಕು ಅಂತೇನಿಲ್ಲ, ನೋಡಿಕೊಂಡು ಮುಂದೆ ನಡೆಯಿರಿ.

ಹೆಜ್ಜೆ 2: ಶುಕ್ರವಾರ ಸಂಜೆ ಆರು ಗಂಟೆ

ಈ ಇಡೀ ಬರಹದಲ್ಲಿ ಒಂದನ್ನು ಮಾತ್ರ ಪಾಲಿಸುತ್ತೀರಿ ಅಂದರೆ ಅದು ಇದಾಗಲಿ.

ಥಾಮಸ್ ಚರ್ಚಿನಲ್ಲಿ, ಬೋರ್ಡಿನ ಪ್ರಕಾರ ಟೋಮಾಸ್‌ಕಿರ್ಷೆಯಲ್ಲಿ, ಶುಕ್ರವಾರ ಸಂಜೆ 6ಕ್ಕೆ ಮತ್ತು ಶನಿವಾರ ಮಧ್ಯಾಹ್ನ 3ಕ್ಕೆ 'ಮೊಟೆಟ್ಟೆ' ಇರುತ್ತದೆ. ಇದು ಕಛೇರಿಯಲ್ಲ, ಹಾಡೇ ಮುಖ್ಯವಾಗಿರುವ ಪ್ರಾರ್ಥನೆ. ಹಾಡುವವರು ಥೋಮಾನರ್ ಹುಡುಗರು. ಈ ವೃಂದ ಶುರುವಾದದ್ದು 1212ರಲ್ಲಿ. ಎಂಟುನೂರು ವರ್ಷ ದಾಟಿದೆ. ಬಾಖ್ 1723ರಲ್ಲಿ ಬಂದು 1750ರಲ್ಲಿ ತೀರಿಕೊಳ್ಳುವ ತನಕ ಇದೇ ಹುಡುಗರಿಗೆ ಹಾಡು ಕಲಿಸಿದ್ದು, ಮೊದಲ ವರ್ಷಗಳಲ್ಲಿ ವಾರ ವಾರ ಹೊಸ ಕೃತಿ ಬರೆದು ಹಾಡಿಸಿದ್ದು. ಊರಿನವರು ಮೊದಲು ಕರೆದದ್ದು ಬಾಖ್‌ನನ್ನಲ್ಲ, ಟೆಲೆಮಾನ್ ಎಂಬ ಇನ್ನೊಬ್ಬ ಸಂಗೀತಗಾರನನ್ನು. ಅವನು ಒಪ್ಪಲಿಲ್ಲ.

ಹೋಗುವ ಕ್ರಮ ಹೀಗೆ. ಬಾಗಿಲು ಮುಕ್ಕಾಲು ಗಂಟೆ ಮೊದಲು ತೆಗೆಯುತ್ತಾರೆ, ಆ ಹೊತ್ತಿಗೇ ಅಲ್ಲಿರಿ. ಟಿಕೆಟ್ ಅಂತ ಬೇರೆ ಇಲ್ಲ. ಬಾಗಿಲಲ್ಲಿ ಕಾರ್ಯಕ್ರಮದ ಪುಸ್ತಿಕೆ ಮಾರುತ್ತಾರೆ, ಕೆಲವೇ ಯೂರೋ, ಅದೇ ಪ್ರವೇಶ. ನಾನು ಮೊದಲ ಸಲ ಐದು ನಿಮಿಷ ಇರುವಾಗ ಓಡಿಬಂದೆ, ಕಂಬದ ಹಿಂದೆ ಒಂದು ಗಂಟೆ ನಿಂತೇ ಕೇಳಿದೆ. ಶಾಲೆಗೆ ರಜೆ ಇದ್ದಾಗ ಈ ಹುಡುಗರು ಇರುವುದಿಲ್ಲ, ಬೇರೆ ಊರಿನ ವೃಂದಗಳು ಬಂದು ಹಾಡುತ್ತವೆ. ಹಾಗಾಗಿ ಚರ್ಚಿನ ವೆಬ್‌ಸೈಟ್‌ನಲ್ಲಿ ಆ ವಾರ ಯಾರು ಹಾಡುತ್ತಾರೆ ಅಂತ ನೋಡಿಕೊಂಡೇ ರೈಲು ಬುಕ್ ಮಾಡಿ. ಶನಿವಾರ ಹೋದರೆ ಸಾಮಾನ್ಯವಾಗಿ ಬಾಖ್‌ನ ಕಾಂಟಾಟಾ, ಅಂದರೆ ವಾದ್ಯಗಳ ಜೊತೆ ಹಾಡುವ ಕೃತಿ, ಸಿಗುತ್ತದೆ, ಈ ಊರಿನದೇ ಆದ ಗೆವಾಂಡ್‌ಹೌಸ್ ಆರ್ಕೆಸ್ಟ್ರಾದ ವಾದ್ಯಗಾರರು ಜೊತೆಗೆ ನುಡಿಸುತ್ತಾರೆ.

ಮರದ ಬೆಂಚಿನ ಮೇಲೆ ಕೂತಿರುತ್ತೀರಿ. ಮುಂದೆ ವೇದಿಕೆ ಹುಡುಕುತ್ತೀರಿ, ಏನೂ ಇಲ್ಲ. ಹಾಡು ಶುರುವಾದಾಗ ಗೊತ್ತಾಗುತ್ತದೆ, ಹುಡುಗರು ನಿಂತಿರುವುದು ಹಿಂದೆ, ಮೇಲಿನ ಜಗಲಿಯಲ್ಲಿ. ದನಿ ಬೆನ್ನ ಹಿಂದಿನಿಂದ ಬಂದು ತಲೆಯ ಮೇಲೆ ಹಾದು ಮುಂದಿನ ಗೋಡೆಗೆ ಹೋಗಿ ಮತ್ತೆ ತಿರುಗಿ ಬರುತ್ತದೆ. ಯಾರೂ ತಿರುಗಿ ನೋಡುವುದಿಲ್ಲ. ನನ್ನ ಪಕ್ಕದ ಅಜ್ಜಿ ಕೋಟು ಮಡಚಿ ತೊಡೆಯ ಮೇಲಿಟ್ಟುಕೊಂಡು, ಪುಸ್ತಿಕೆಯ ಅಂಚಿನ ಮೇಲೆ ಒಂದೇ ಬೆರಳಲ್ಲಿ ತಾಳ ಹಾಕುತ್ತಾ ಕಣ್ಣು ಮುಚ್ಚಿ ಕೂತಿದ್ದರು. ಸಂಗೀತ ಕಛೇರಿಯಲ್ಲಿ ಮುಂದಿನ ಸಾಲಿನ ಹಿರಿಯರು ತೊಡೆಯ ಮೇಲೆ ತಾಳ ಹಾಕುವುದು ನೋಡಿ ಬೆಳೆದವನಿಗೆ ಆ ಒಂದು ಬೆರಳು ಸಾಕಾಗಿತ್ತು, ಪರ ಊರು ಅನ್ನುವ ಭಾವನೆ ಆ ಸಂಜೆ ಹೋಯಿತು.

ನಡುವೆ ಚಪ್ಪಾಳೆ ತಟ್ಟಬೇಡಿ. ಒಂದು ಹಾಡನ್ನು ನೆರೆದವರೆಲ್ಲ ಎದ್ದು ಹಾಡುತ್ತಾರೆ, ಸಾಹಿತ್ಯ ಪುಸ್ತಿಕೆಯಲ್ಲೇ ಇರುತ್ತದೆ, ಬಾರದಿದ್ದರೂ ಜೊತೆಗೆ ಎದ್ದು ನಿಲ್ಲಿ. ಮೊಬೈಲ್ ಎತ್ತಿ ಹುಡುಗರ ಫೋಟೋ ತೆಗೆಯಬೇಡಿ. ಮುಗಿದ ಮೇಲೆ ಮುಂದೆ ಹೋಗಿ, ನೆಲದಲ್ಲಿ ಒಂದು ಕಂಚಿನ ಫಲಕವಿದೆ, ಹೆಸರು ಬಿಟ್ಟರೆ ಹೆಚ್ಚೇನೂ ಕೆತ್ತಿಲ್ಲ. ಬಾಖ್‌ನ ಸಮಾಧಿ. ಮೂಳೆಗಳನ್ನು ಬೇರೆ ಚರ್ಚಿನ ಜಾಗದಿಂದ ತಂದು ಇಲ್ಲಿಟ್ಟದ್ದು 1950ರಲ್ಲಿ, ತೀರಿಕೊಂಡು ಇನ್ನೂರು ವರ್ಷ ಆದ ಮೇಲೆ. ಅಲ್ಲಿ ಹೆಚ್ಚಾಗಿ ಹೂವು ಇರುತ್ತದೆ. ಎದುರಿಗೇ ಬೋಸೆಹೌಸ್ ಎಂಬ ಮನೆಯಲ್ಲಿ ಬಾಖ್ ಮ್ಯೂಸಿಯಂ ಇದೆ, ಅದನ್ನು ಮರುದಿನ ನೋಡಿ.

ಹೆಜ್ಜೆ 3: ಕಾಫಿ ಮತ್ತು ಹಕ್ಕಿಯಲ್ಲದ ಹಕ್ಕಿ

ಶನಿವಾರ ಬೆಳಿಗ್ಗೆ ಕಾಫಿಗೆ ಇಡಿ. ಕಾಫಿ ಅಂದರೆ ಚಿಕ್ಕಮಗಳೂರು, ಕೊಡಗು ಅಂತ ಹೇಳಿಕೊಳ್ಳುವ ನಮಗೆ ಇಲ್ಲಿಯ ಕಾಫಿ ಹುಚ್ಚು ಕೇಳಲು ಖುಷಿಯಾಗುತ್ತದೆ. ಇಲ್ಲಿ ಮೊದಲ ಕಾಫಿ ಮನೆ ತೆರೆದದ್ದು 1694ರಲ್ಲಿ. ಕ್ಲೈನೆ ಫ್ಲೈಶರ್‌ಗಾಸೆ ಎಂಬ ಓಣಿಯಲ್ಲಿ 'ಅರೇಬಿಯಾದ ಕಾಫಿ ಗಿಡ' ಅನ್ನುವ ಹೆಸರಿನ ಮನೆಯಿದೆ, ಅಲ್ಲಿ 1711ರಿಂದಲೇ ಕಾಫಿ ಕೊಡುತ್ತಿದ್ದರು. ಬಾಗಿಲ ಮೇಲಿನ ಕೆತ್ತನೆ ನೋಡಿ: ಕಾಫಿ ಗಿಡದ ಕೆಳಗೆ ಪೇಟ ಸುತ್ತಿದ ಒಬ್ಬ ತುರ್ಕ ಒರಗಿದ್ದಾನೆ, ಅವನ ಬಟ್ಟಲಿಗೆ ಪುಟ್ಟ ಮನ್ಮಥ ಕೈ ಚಾಚಿದ್ದಾನೆ. ಸಂಗೀತಗಾರ ಶೂಮಾನ್ ಇಲ್ಲಿ ಗೆಳೆಯರ ಜೊತೆ ದಿನಾ ಕೂರುತ್ತಿದ್ದ.

ಬಾಖ್ ಕೂಡ ಚರ್ಚಿನಲ್ಲಷ್ಟೇ ಇದ್ದವನಲ್ಲ. ಕಟರೀನೆನ್‌ಸ್ಟ್ರಾಸೆಯ ತ್ಸಿಮ್ಮರ್‌ಮಾನ್ ಕಾಫಿ ಮನೆಯಲ್ಲಿ ವಿದ್ಯಾರ್ಥಿಗಳ ಜೊತೆ ಸೇರಿ ನುಡಿಸುತ್ತಿದ್ದ. ಅವನ 'ಕಾಫಿ ಕಾಂಟಾಟಾ' ಹುಟ್ಟಿದ್ದೂ ಆ ವರ್ಷಗಳಲ್ಲೇ. ಅಪ್ಪ ಎಷ್ಟು ಗದರಿದರೂ ಕಾಫಿ ಬಿಡಲು ಒಪ್ಪದ ಮಗಳ ಕಥೆ. ಆ ಕಾಫಿ ಮನೆ 1943ರ ಬಾಂಬ್ ದಾಳಿಯಲ್ಲಿ ಹೋಯಿತು.

ಕಾಫಿಯ ಜೊತೆ 'ಲೈಪ್‌ಜಿಗರ್ ಲೆರ್ಖೆ' ಕೇಳಿ. ಲೆರ್ಖೆ ಅಂದರೆ ಬಾನಾಡಿ ಹಕ್ಕಿ. ಹಿಂದೆ ಈ ಊರಿನವರು ಆ ಪುಟ್ಟ ಹಾಡುಹಕ್ಕಿಗಳನ್ನು ಲಕ್ಷಗಟ್ಟಲೆ ಹಿಡಿದು, ಹೊಟ್ಟೆಗೆ ಮಸಾಲೆ ತುಂಬಿ, ದಾರ ಕಟ್ಟಿ ಬೇಯಿಸಿ ತಿನ್ನುತ್ತಿದ್ದರು, ಹೊರ ಊರುಗಳಿಗೂ ಕಳಿಸುತ್ತಿದ್ದರು. 1876ರಲ್ಲಿ ಈ ಊರು ಸೇರಿದ ಸ್ಯಾಕ್ಸನಿ ರಾಜ್ಯದ ದೊರೆ ಆ ಬೇಟೆ ನಿಲ್ಲಿಸಿದ. ಹಕ್ಕಿ ಹೋಯಿತು, ಬೇಕರಿಯವರು ಹೆಸರು ಉಳಿಸಿಕೊಂಡರು. ಈಗಿನ ಲೆರ್ಖೆ ಅಂಗೈಯಲ್ಲಿ ಕೂರುವ ಒಂದು ಬಟ್ಟಲು: ಹೊರಗೆ ಬೆಣ್ಣೆ ಬಿಸ್ಕತ್ತಿನ ಹಾಗೆ ಪುಡಿಯಾಗುವ ಹಿಟ್ಟು, ಒಳಗೆ ಅರೆದ ಬಾದಾಮಿ, ಅದರ ತಳದಲ್ಲಿ ಒಂದು ಚಮಚ ಹಣ್ಣಿನ ಜಾಮ್. ಮೇಲೆ ಹಿಟ್ಟಿನ ಎರಡು ಪಟ್ಟಿ ಅಡ್ಡಡ್ಡ. ಆ ಪಟ್ಟಿಗಳು ಹಕ್ಕಿಗೆ ಕಟ್ಟುತ್ತಿದ್ದ ದಾರ, ಜಾಮ್ ಅದರ ಹೃದಯ ಅಂತ ಹೇಳುತ್ತಾರೆ. ಚಾಕುವಿನಿಂದ ನಡುವೆ ಕತ್ತರಿಸಿ ನೋಡಿ, ಆಮೇಲೆ ತಿನ್ನಿ. ಮೊಟ್ಟೆ ಇರುತ್ತದೆ, ತಿನ್ನದವರು ಗಮನಿಸಿ.

ಸಸ್ಯಾಹಾರಿಗಳಿಗೆ ಇನ್ನೊಂದು ಎಚ್ಚರಿಕೆ. 'ಲೈಪ್‌ಜಿಗರ್ ಅಲ್ಲರ್ಲೈ' ಅಂದರೆ ಬಟಾಣಿ, ಕ್ಯಾರೆಟ್, ಹೂಕೋಸು, ಶತಾವರಿಯ ಪಲ್ಯ ಅಂತ ಮೆನು ನೋಡಿದರೆ ಅನಿಸುತ್ತದೆ, ಆದರೆ ಹಳೇ ಕ್ರಮದಲ್ಲಿ ಅದಕ್ಕೆ ಸಿಗಡಿಯಂಥ ಹೊಳೆಜೀವಿಯೂ ಅದರ ಚಿಪ್ಪಿನ ರುಚಿಯಿಳಿಸಿದ ಬೆಣ್ಣೆಯೂ ಸೇರುತ್ತದೆ. ಕೇಳಿಯೇ ಆರ್ಡರ್ ಮಾಡಿ. 'ಕ್ವಾರ್ಕ್‌ಕೊಯ್ಲ್‌ಖೆನ್' ಸಿಕ್ಕರೆ ಬಿಡಬೇಡಿ, ಆಲೂಗಡ್ಡೆ ಮತ್ತು ಗಟ್ಟಿ ಮೊಸರಿನ ಸಿಹಿ ದೋಸೆ, ಸೇಬಿನ ಗೊಜ್ಜಿನ ಜೊತೆ ಕೊಡುತ್ತಾರೆ. ಬಿಯರ್ ಕುಡಿಯುವವರು 'ಗೋಸೆ' ರುಚಿ ನೋಡಬೇಕು. ಹುಳಿ ಬಿಯರ್, ಅದಕ್ಕೆ ಉಪ್ಪು ಮತ್ತು ಕೊತ್ತಂಬರಿ ಬೀಜ ಹಾಕುತ್ತಾರೆ. ಬಯರಿಶರ್ ಬಾನ್‌ಹೋಫ್ ಎಂಬ ಹಳೇ ರೈಲ್ವೆ ಸ್ಟೇಷನ್ ಕಟ್ಟಡದಲ್ಲೇ ಅದನ್ನು ತಯಾರಿಸುತ್ತಾರೆ.

ಇಲ್ಲಿಯ ಮಾತು ಪುಸ್ತಕದ ಜರ್ಮನ್ ಅಲ್ಲ. ಕ, ತ, ಪ ಎಲ್ಲ ಮೆತ್ತಗಾಗಿ ಗ, ದ, ಬ ಆಗುತ್ತವೆ. ಕಾಫಿಗೆ 'ಗಾಫೆ' ಅಂತಾರೆ. ಇನ್ನೊಂದು, ಮಾತಿಗೆ ಯಾರಾದರೂ 'ನು' ಅಂದರೆ ಅದು 'ಹೌದು' ಅಂತ, 'ನೋ' ಅಲ್ಲ. ಜರ್ಮನಿಯ ಬೇರೆ ಕಡೆಯವರು ಈ ಮಾತನ್ನು ಆಡಿಕೊಳ್ಳುತ್ತಾರೆ, ನೀವು ಆ ತಪ್ಪು ಮಾಡಬೇಡಿ. ಧಾರವಾಡದ ಮಾತು, ಕುಂದಾಪುರದ ಮಾತು ಆಡಿ ಬೆಳೆದವರಿಗೆ ಅದು ಎಷ್ಟು ನೋಯಿಸುತ್ತದೆ ಅಂತ ಗೊತ್ತು.

ಹೆಜ್ಜೆ 4: ಹತ್ತಿ ಗಿರಣಿಯೊಳಗಿನ ಚಿತ್ರಗಳು

ಶನಿವಾರ ಮಧ್ಯಾಹ್ನ ಪ್ಲಾಗ್‌ವಿಟ್ಸ್ ಬಡಾವಣೆಯ ಕಡೆ ಹೋಗಿ. ಲೋಕಲ್ ರೈಲಿನಲ್ಲಿ ಪ್ಲಾಗ್‌ವಿಟ್ಸ್ ಸ್ಟೇಷನ್‌ನಲ್ಲಿ ಇಳಿದರೆ 'ಸ್ಪಿನ್ನರೈ' ನಡೆದು ಹೋಗುವಷ್ಟು ಹತ್ತಿರ. 1884ರಲ್ಲಿ ಶುರುವಾದ ಹತ್ತಿ ನೂಲುವ ಗಿರಣಿ. ಯುರೋಪ್ ಖಂಡದಲ್ಲೇ ದೊಡ್ಡ ಗಿರಣಿ ಅನ್ನಿಸಿಕೊಂಡಿತ್ತು. ಆಗ ಜರ್ಮನ್ ವಸಾಹತಾಗಿದ್ದ ಪೂರ್ವ ಆಫ್ರಿಕಾದಲ್ಲಿ ಇವರದೇ ಹತ್ತಿ ತೋಟಗಳಿದ್ದವು, ಇದನ್ನೂ ನೆನಪಿಟ್ಟುಕೊಂಡೇ ಆ ಕೆಂಪು ಇಟ್ಟಿಗೆಯ ಕಟ್ಟಡಗಳನ್ನು ನೋಡಬೇಕು. ಎರಡು ಜರ್ಮನಿ ಒಂದಾದ ಮೇಲೆ ಗಿರಣಿ ನಿಂತಿತು. ಬಾಡಿಗೆ ಕಡಿಮೆ, ಕಿಟಕಿ ದೊಡ್ಡದು, ಚಿತ್ರಕಾರರು ಬಂದು ಸೇರಿಕೊಂಡರು. ಈ ಊರಿನಲ್ಲೇ ಹುಟ್ಟಿ ಜಗತ್ತಿನೆಲ್ಲೆಡೆ ಹೆಸರಾದ ನಿಯೋ ರೌಖ್ ಅವರ ಸ್ಟುಡಿಯೋ ಇಲ್ಲೇ ಇದೆ.

ಗ್ಯಾಲರಿಗಳಿಗೆ ಟಿಕೆಟ್ ಇಲ್ಲ, ಸುಮ್ನೆ ಬಾಗಿಲು ತಳ್ಳಿ ಒಳಗೆ ಹೋಗಿ. ಬಾಗಿಲು ಭಾರವಾಗಿರುತ್ತದೆ, ಮುಚ್ಚಿದೆ ಅಂತ ವಾಪಸ್ ಬರಬೇಡಿ. ಒಳಗಿದ್ದವರಿಗೆ 'ಗೂಟೆನ್ ಟಾಗ್', ಅಂದರೆ ನಮಸ್ಕಾರ, ಹೇಳಿ. ಕೊಳ್ಳುವವರಲ್ಲ ಅಂತ ಗೊತ್ತಿದ್ದರೂ ಕೇಳಿದರೆ ಸಮಾಧಾನವಾಗಿ ವಿವರಿಸುತ್ತಾರೆ. ಸಾಧ್ಯವಾದರೆ 'ರುಂಡ್‌ಗಾಂಗ್' ಇರುವ ವಾರಾಂತ್ಯವನ್ನೇ ಆರಿಸಿ, ವರ್ಷಕ್ಕೆ ಕೆಲವು ಸಲ ಎಲ್ಲ ಗ್ಯಾಲರಿಗಳೂ ಒಟ್ಟಿಗೆ ಹೊಸ ಪ್ರದರ್ಶನ ತೆರೆಯುತ್ತವೆ. ಆ ದಿನ ಅಂಗಳದ ತುಂಬ ಜನ.

ಹೆಜ್ಜೆ 5: ಭಾನುವಾರ, ನಿಧಾನವಾಗಿ

ಬೆಳಿಗ್ಗೆ ಗ್ರಾಸಿ ಮ್ಯೂಸಿಯಂ. ಒಂದೇ ಆವರಣದಲ್ಲಿ ಮೂರು ಮ್ಯೂಸಿಯಂಗಳಿವೆ. ಮೂರನ್ನೂ ನೋಡಲು ಹೋಗಿ ಸುಸ್ತಾಗಬೇಡಿ, ವಾದ್ಯಗಳದ್ದು ಒಂದೇ ಸಾಕು. ಪಿಯಾನೋ ಕಂಡುಹಿಡಿದ ಕ್ರಿಸ್ಟೋಫೋರಿ 1726ರಲ್ಲಿ ಮಾಡಿದ ಪಿಯಾನೋ ಅಲ್ಲಿದೆ.

ಮಧ್ಯಾಹ್ನ ಗೊಟ್‌ಶೆಡ್‌ಸ್ಟ್ರಾಸೆಗೆ ಹೋಗಿ. ಅಲ್ಲಿ ಬಯಲಿನಲ್ಲಿ 140 ಕಂಚಿನ ಕುರ್ಚಿಗಳು ಸಾಲಾಗಿ ಖಾಲಿ ನಿಂತಿವೆ. 1938ರ ನವೆಂಬರ್‌ನಲ್ಲಿ ನಾಜಿಗಳು ಸುಟ್ಟ ಯಹೂದಿ ಪ್ರಾರ್ಥನಾ ಮಂದಿರ ಇದ್ದ ಜಾಗ ಅದು. ಸ್ವಲ್ಪ ಹೊತ್ತು ಇದ್ದು ಬನ್ನಿ.

ಸಂಜೆಗೆ ಸಂಗೀತ ಬೇಕು, ದುಡ್ಡು ಜಾಸ್ತಿ ಇಲ್ಲ ಅಂದರೆ ಸಂಗೀತಗಾರ ಮೆಂಡೆಲ್‌ಸೋನ್ ಹೆಸರಿನ ಸಂಗೀತ ಕಾಲೇಜಿನ ಕ್ಯಾಲೆಂಡರ್ ನೋಡಿ. ಅವನೇ 1843ರಲ್ಲಿ ಶುರುಮಾಡಿದ ಶಾಲೆ. ಅಲ್ಲಿಯ ವಿದ್ಯಾರ್ಥಿಗಳ ಕಛೇರಿ ಎಷ್ಟೋ ದಿನ ಉಚಿತ. ದೊಡ್ಡ ಸಭಾಂಗಣವಾದ ಗೆವಾಂಡ್‌ಹೌಸ್‌ಗೆ ಹೋಗುವವರು ಕೋಟನ್ನು ಕೌಂಟರಿನಲ್ಲಿ ಕೊಟ್ಟೇ ಒಳಗೆ ಹೋಗಬೇಕು. ಅಲ್ಲಿಯ ಆರ್ಕೆಸ್ಟ್ರಾ 1743ರಲ್ಲಿ ವರ್ತಕರು ಸೇರಿ ದುಡ್ಡು ಹಾಕಿ ಕಟ್ಟಿದ್ದು. ಹೆಸರೇ 'ಬಟ್ಟೆ ಮನೆ', ಯಾಕೆಂದರೆ 1781ರಿಂದ ಅವರು ನುಡಿಸುತ್ತಿದ್ದದ್ದು ಬಟ್ಟೆ ವ್ಯಾಪಾರಿಗಳ ಕಟ್ಟಡದ ಮೇಲಂತಸ್ತಿನಲ್ಲಿ.

ಹೆಜ್ಜೆ 6: ಸೋಮವಾರ ಸಂಜೆ ಐದು ಗಂಟೆ

ನಿಕೊಲಾಯ್ ಚರ್ಚು. ಒಳಗೆ ಹೋದ ತಕ್ಷಣ ಮೇಲೆ ನೋಡಿ, ಬಿಳಿ ಕಂಬಗಳ ತುದಿಯಲ್ಲಿ ಹಸಿರು ತಾಳೆಗರಿಗಳು ಬಿಚ್ಚಿಕೊಂಡಿವೆ.

1982ರಿಂದ ಇಲ್ಲಿ ಸೋಮವಾರ ಸೋಮವಾರ ಶಾಂತಿ ಪ್ರಾರ್ಥನೆ. ಪೂರ್ವ ಜರ್ಮನಿಯ ಕಾಲ, ಬಾಯಿ ಬಿಡಲು ಜನಕ್ಕೆ ಬೇರೆ ಜಾಗ ಇರಲಿಲ್ಲ. 1989ರ ಅಕ್ಟೋಬರ್ 9ರಂದು ಪ್ರಾರ್ಥನೆ ಮುಗಿಸಿ ಹೊರಬಂದವರ ಜೊತೆ ಊರೇ ಸೇರಿತು, ಸುಮಾರು 70,000 ಜನ ಮೇಣದಬತ್ತಿ ಹಿಡಿದು ರಿಂಗ್ ರಸ್ತೆಯಲ್ಲಿ ನಡೆದರು. ಬತ್ತಿ ಹಿಡಿಯಲು ಒಂದು ಕೈ, ಗಾಳಿಗೆ ಆರದಂತೆ ಅಡ್ಡ ಹಿಡಿಯಲು ಇನ್ನೊಂದು ಕೈ, ಕಲ್ಲು ಎತ್ತಲು ಕೈಯೇ ಉಳಿಯುವುದಿಲ್ಲ, ಅಂತ ಆ ಚರ್ಚಿನವರು ಹೇಳುತ್ತಾರೆ. ಪೊಲೀಸರು ಗುಂಡು ಹಾರಿಸಲಿಲ್ಲ. ಒಂದು ತಿಂಗಳಿಗೆ ಬರ್ಲಿನ್ ಗೋಡೆ ತೆರೆಯಿತು.

ಆ ಪ್ರಾರ್ಥನೆ ಈಗಲೂ ಸೋಮವಾರ 5ಕ್ಕೆ ಇದೆ. ಯಾವ ಧರ್ಮದವರೂ ಹೋಗಬಹುದು. ಎಷ್ಟೋ ಸಲ ಜನ ಕಡಿಮೆ ಇರುತ್ತಾರೆ, ಅದಕ್ಕೇ ಹೋಗಿ. ಹೊರಗೆ ಬಂದರೆ ಅಂಗಳದಲ್ಲಿ ಒಳಗಿನದೇ ತಾಳೆಗರಿಯ ಕಂಬವೊಂದು ಒಂಟಿಯಾಗಿ ನಿಂತಿದೆ, ಆ ನಡಿಗೆ ಚರ್ಚಿನಿಂದ ಬೀದಿಗೆ ಬಂದದ್ದರ ಗುರುತು. ಅಲ್ಲಿಂದ ರಿಂಗ್ ರಸ್ತೆಯಲ್ಲಿ ನಡೆದು 'ರುಂಡೆ ಎಕೆ' ತನಕ ಹೋಗಿ, ಗುಪ್ತ ಪೊಲೀಸರ ಕಚೇರಿಯಾಗಿದ್ದ ಕಟ್ಟಡ, ಈಗ ಮ್ಯೂಸಿಯಂ.

ಯಾವ ತಿಂಗಳು?

ಮಾರ್ಚ್ ಹೊತ್ತಿಗೆ ಪುಸ್ತಕ ಮೇಳ, ಆಗ ಇಡೀ ಊರಿನಲ್ಲಿ ಓದುವ ಕಾರ್ಯಕ್ರಮಗಳು. ಜೂನ್‌ನಲ್ಲಿ ಬಾಖ್ ಉತ್ಸವ. ಈಸ್ಟರ್ ಆಗಿ ಏಳು ವಾರಕ್ಕೆ ಬರುವ ಪೆಂಟೆಕೋಸ್ಟ್ ಹಬ್ಬದ ವಾರಾಂತ್ಯದಲ್ಲಿ ಕಪ್ಪು ಬಟ್ಟೆ ತೊಟ್ಟ ಸಾವಿರಾರು ಗಾಥಿಕ್ ಸಂಗೀತದ ಅಭಿಮಾನಿಗಳು ಬರುತ್ತಾರೆ, ಅವರನ್ನು ಕಂಡು ಹೆದರಬೇಡಿ, ಕೇಳಿದರೆ ಖುಷಿಯಿಂದ ಫೋಟೋಗೆ ನಿಲ್ಲುತ್ತಾರೆ. ಅಕ್ಟೋಬರ್ 9ಕ್ಕೆ 1989ರ ಆ ನಡಿಗೆಯ ನೆನಪಿಗೆ ದೀಪದ ಹಬ್ಬ. ಡಿಸೆಂಬರ್‌ನ ಕ್ರಿಸ್‌ಮಸ್ ಸಂತೆ 1458ರಷ್ಟು ಹಳೆಯದು. ನನ್ನನ್ನು ಕೇಳಿದರೆ ಸೆಪ್ಟೆಂಬರ್. ಬಿಸಿಲು ಮೆತ್ತಗಿರುತ್ತದೆ, ಹಾಡುವ ಹುಡುಗರು ರಜೆಯಿಂದ ವಾಪಸ್ ಬಂದಿರುತ್ತಾರೆ, ತೋಟಗಳೂ ತುಂಬಿರುತ್ತವೆ.

ತೋಟ ಅಂದೆನಲ್ಲ, ಅದನ್ನು ಭಾನುವಾರ ಸಂಜೆಗೆ ಸೇರಿಸಿಕೊಳ್ಳಿ. ಊರ ತುಂಬ 'ಶ್ರೇಬರ್‌ಗಾರ್ಟನ್'ಗಳಿವೆ, ಅಂದರೆ ಫ್ಲಾಟಿನಲ್ಲಿ ಇರುವವರು ಸಂಘದಿಂದ ಬಾಡಿಗೆಗೆ ಪಡೆದ ಸಣ್ಣ ಸಣ್ಣ ಕೈತೋಟ. ಆ ಹೆಸರು ಹುಟ್ಟಿದ್ದೇ ಇಲ್ಲಿ. 1864ರಲ್ಲಿ ಇಲ್ಲಿಯ ಒಬ್ಬ ಶಾಲಾ ಮುಖ್ಯಸ್ಥರು ಮಕ್ಕಳ ಆಟದ ಬಯಲಿಗಾಗಿ ಸಂಘ ಕಟ್ಟಿ, ಅದಕ್ಕೆ ತೀರಿಕೊಂಡಿದ್ದ ಡಾಕ್ಟರ್ ಶ್ರೇಬರ್ ಹೆಸರಿಟ್ಟರು. ಆಮೇಲೆ ಒಬ್ಬ ಮೇಷ್ಟ್ರು ಬಯಲಿನ ಅಂಚಿನಲ್ಲಿ ಮಕ್ಕಳಿಗಾಗಿ ಪಾತಿ ಮಾಡಿಸಿದರು. ಮಕ್ಕಳು ಬೇಗ ಬೇಜಾರಾಗಿ ಬಿಟ್ಟರು, ಅಪ್ಪ ಅಮ್ಮಂದಿರು ಹಿಡಿದುಕೊಂಡರು. ಆ ಹಳೇ ಸಂಘದ ಮನೆಯಲ್ಲೇ ಈಗ ಕೈತೋಟದ ಮ್ಯೂಸಿಯಂ ಇದೆ. ತೋಟದ ಮೂರನೇ ಒಂದು ಪಾಲಿನಲ್ಲಿ ಹಣ್ಣು, ತರಕಾರಿ ಬೆಳೆಯಲೇಬೇಕು ಅಂತ ನಿಯಮ.

ಸಾಲುಗಳ ನಡುವಿನ ದಾರಿಯಲ್ಲಿ ಹಗಲು ಹೊತ್ತು ಹೆಚ್ಚಿನ ಕಡೆ ನಡೆಯಬಹುದು, ಒಬ್ಬೊಬ್ಬರ ಗೇಟಿನೊಳಗೆ ಮಾತ್ರ ಕರೆಯದೆ ಕಾಲಿಡಬೇಡಿ. ಸೆಪ್ಟೆಂಬರ್‌ನಲ್ಲಿ ಹೋದರೆ ಕೆಲವು ಗೇಟುಗಳ ಮುಂದೆ ರಟ್ಟಿನ ಪೆಟ್ಟಿಗೆ ಇರುತ್ತದೆ, ಒಳಗೆ ಸೇಬು, ಒಂದೊಂದು ಕಡೆ ಕುಂಬಳಕಾಯಿ, ಮೇಲೆ ದಪ್ಪ ಪೆನ್ನಿನಲ್ಲಿ 'ಟ್ಸು ಫೆರ್‌ಶೆಂಕೆನ್' ಅಂತ ಬರೆದಿರುತ್ತದೆ. ಸುಮ್ಮನೆ ಕೊಡುವುದು, ಬೇಕಾದವರು ತೆಗೆದುಕೊಳ್ಳಿ ಅಂತ ಅರ್ಥ. ಸಂಕೋಚ ಬೇಡ. ಎರಡು ಸೇಬು ತೆಗೆದುಕೊಳ್ಳಿ, ಬೇಲಿಯಾಚೆ ಯಾರಾದರೂ ಬಗ್ಗಿ ಕಳೆ ಕೀಳುತ್ತಿದ್ದರೆ 'ಡಾಂಕೆ', ಅಂದರೆ ಥ್ಯಾಂಕ್ಸ್, ಅಂತ ಸ್ವಲ್ಪ ಗಟ್ಟಿಯಾಗಿ ಹೇಳಿ. ಅವರು ತಲೆ ಎತ್ತಿ ಯಾವ ಊರು ಅಂತ ಕೇಳುತ್ತಾರೆ, ಅಲ್ಲಿಂದ ಮಾತು ಶುರುವಾಗುತ್ತದೆ.